ಮನೆಯ ಫೋಟೋ ಪ್ರಿಂಟರ್ ಕೈಕೊಟ್ಟಾಗ: ಮೊದಲು ಏನು ನೋಡಬೇಕು, ಆಮೇಲೆ ಏನು ಮಾಡಬೇಕು

ಪ್ರಿಂಟರ್ ತಂದ ಹೊಸದರಲ್ಲಿ ಮನೆಯವರಿಗೆಲ್ಲ ಹುರುಪು. ನಾಮಕರಣದ ಫೋಟೋ, ಮಗುವಿನ ಸ್ಕೂಲ್ ಪ್ರಾಜೆಕ್ಟ್, ತಾತನ ಹಳೇ ಫೋಟೋದ ಕಾಪಿ, ಎಲ್ಲವೂ ಚೆನ್ನಾಗಿಯೇ ಬರುತ್ತವೆ. ಆಮೇಲೆ ತಿಂಗಳುಗಟ್ಟಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಒಂದು ದಿನ ಅರ್ಜೆಂಟಾಗಿ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಾಗುತ್ತದೆ. ಪ್ರಿಂಟ್ ಕೊಟ್ಟರೆ ಮುಖ ಹಸಿರು, ಅದರ ಮೇಲೆ ಬಾಚಣಿಗೆ ಎಳೆದ ಹಾಗೆ ಗೆರೆಗಳು.

ಆಗ ಹೆಚ್ಚಿನವರು ಮಾಡುವುದು ಒಂದೇ. ಹೆಡ್ ಕ್ಲೀನಿಂಗ್, ಅಂದರೆ ಇಂಕ್ ಚಿಮ್ಮಿಸುವ ಭಾಗವನ್ನು ತೊಳೆಯುವ ಆಯ್ಕೆ, ಒತ್ತುತ್ತಾರೆ. ಸರಿಹೋಗಲಿಲ್ಲ ಅಂದರೆ ಮತ್ತೆ ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ. ಅಷ್ಟರಲ್ಲಿ ಟ್ಯಾಂಕಿನ ಇಂಕ್ ಇಳಿದಿರುತ್ತದೆ, ಫೋಟೋ ಮಾತ್ರ ಹಾಗೇ ಇರುತ್ತದೆ. ಕೆಟ್ಟ ಫೋಟೋಗೆಲ್ಲ ಹೆಡ್ ಕಾರಣ ಅಲ್ಲ. ಪೇಪರ್ ತಪ್ಪಿರಬಹುದು, ಸೆಟ್ಟಿಂಗ್ ತಪ್ಪಿರಬಹುದು, ಫೋಟೋ ಫೈಲೇ ಸಣ್ಣದಿರಬಹುದು. ಯಾವುದು ಅಂತ ತಿಳಿಯಲು ಒಂದು ಸಾದಾ ಹಾಳೆ ಸಾಕು. ಅದನ್ನು ನೋಡಿ, ಆಮೇಲೆ ಕೈ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪೇಪರ್, ಸೆಟ್ಟಿಂಗ್, ಕ್ಲೀನಿಂಗ್ ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ.

ಇಲ್ಲಿ ಬರೆದಿರುವುದು ಮುಖ್ಯವಾಗಿ ನಮ್ಮ ಮನೆಗಳಲ್ಲಿ ಈಗ ಜಾಸ್ತಿ ಕಾಣುವ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಿಗೆ: ಎಪ್ಸನ್ ಎಲ್ ಸರಣಿ, ಕ್ಯಾನನ್ ಜಿ ಸರಣಿ, ಎಚ್‌ಪಿ ಸ್ಮಾರ್ಟ್ ಟ್ಯಾಂಕ್. ಫೋಟೋಗೆ ಅಂತಲೇ ಬರುವ ಕ್ಯಾನನ್ ಸೆಲ್ಫಿಯಂಥ ಪುಟ್ಟ ಪ್ರಿಂಟರ್ ಬಗ್ಗೆ ಕೊನೆಯ ಕಡೆ ಹೇಳಿದ್ದೇನೆ. ಅದರ ರೀತಿಯೇ ಬೇರೆ.

ಮೊದಲ ಹೆಜ್ಜೆ: ನಾಜಲ್ ಚೆಕ್

ಪ್ರಿಂಟರ್‌ಗೆ ಸಾದಾ ಎ4 ಹಾಳೆ ಹಾಕಿ. ದುಬಾರಿ ಫೋಟೋ ಪೇಪರ್ ಬೇಡ. ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಮೇಂಟೆನೆನ್ಸ್ ವಿಭಾಗಕ್ಕೆ ಹೋದರೆ ನಾಜಲ್ ಚೆಕ್, ಅಂದರೆ ಹೆಡ್‌ನ ಇಂಕ್ ರಂಧ್ರಗಳ ಪರೀಕ್ಷೆ, ಸಿಗುತ್ತದೆ. ಕಂಪನಿಯ ಮೊಬೈಲ್ ಆ್ಯಪ್‌ನಲ್ಲೂ ಸಾಮಾನ್ಯವಾಗಿ ಇರುತ್ತದೆ. ಎಚ್‌ಪಿಯಲ್ಲಿ ಇದಕ್ಕೆ ಪ್ರಿಂಟ್ ಕ್ವಾಲಿಟಿ ರಿಪೋರ್ಟ್ ಅಂತ ಹೆಸರು.

ಹಾಳೆಯ ಮೇಲೆ ಕಪ್ಪು, ಸಯಾನ್ ಅಂದರೆ ತಿಳಿನೀಲಿ, ಮಜೆಂಟಾ ಅಂದರೆ ರಾಣಿ ಪಿಂಕ್ ಥರದ್ದು, ಮತ್ತೆ ಹಳದಿ, ಹೀಗೆ ಬಣ್ಣಕ್ಕೊಂದು ಗೆರೆಗಳ ಗುಂಪು ಬರುತ್ತದೆ. ಆರು ಬಣ್ಣದ ಪ್ರಿಂಟರ್ ಆದರೆ ತಿಳಿ ಸಯಾನ್, ತಿಳಿ ಮಜೆಂಟಾ ಕೂಡ ಇರುತ್ತವೆ. ಗೆರೆಗಳು ಎಲ್ಲೂ ತುಂಡಾಗದೆ ಇದ್ದರೆ ಹೆಡ್ ಸರಿ ಇದೆ. ನಡುವೆ ಗೆರೆ ಮಾಯವಾಗಿದ್ದರೆ ಆ ಜಾಗದ ರಂಧ್ರ ಕಟ್ಟಿದೆ.

ಹಳದಿಯನ್ನು ಬಿಳಿ ಹಾಳೆಯ ಮೇಲೆ ನೋಡುವುದು ಕಷ್ಟ, ಅಲ್ವಾ? ಅದಕ್ಕೊಂದು ಉಪಾಯ ಇದೆ. ಮೊಬೈಲ್‌ನಲ್ಲಿ ಪೂರ್ತಿ ನೀಲಿ ಬಣ್ಣದ ಚಿತ್ರ ಒಂದನ್ನು ತೆರೆದು, ಬೆಳಕು ಜಾಸ್ತಿ ಮಾಡಿ, ಕೋಣೆಯ ಲೈಟ್ ಆರಿಸಿ. ಪರದೆಯ ನೀಲಿ ಬೆಳಕನ್ನು ಹಾಳೆಯ ಮೇಲೆ ಬೀಳಿಸಿ. ಹಳದಿ ಇಂಕ್ ನೀಲಿ ಬೆಳಕನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಆ ತೆಳು ಗೆರೆಗಳು ಕಪ್ಪಗೆ ಕಾಣುತ್ತವೆ. ಎಲ್ಲಿ ತುಂಡಾಗಿದೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಫೋಟೋ ನೋಡಿಯೇ ಯಾವ ಬಣ್ಣ ಕೈಕೊಟ್ಟಿದೆ ಅಂತ ಊಹಿಸಲೂಬಹುದು. ಮಜೆಂಟಾ ಇಲ್ಲದಿದ್ದರೆ ಮುಖ ಹಸಿರು. ಸಯಾನ್ ಇಲ್ಲದಿದ್ದರೆ ಇಡೀ ಫೋಟೋ ಕೆಂಪು ಕಿತ್ತಳೆ, ಆಕಾಶ ಮಂಕು. ಹಳದಿ ಇಲ್ಲದಿದ್ದರೆ ಎಲ್ಲವೂ ನೀಲಿ ನೇರಳೆ.

ಇಲ್ಲೊಂದು ವಿಷಯ ಗಮನದಲ್ಲಿರಲಿ. ಬಹಳಷ್ಟು ನಾಲ್ಕು ಬಣ್ಣದ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಕಪ್ಪು ಇಂಕ್ ಪಿಗ್ಮೆಂಟ್ ಬಗೆಯದು, ಅಂದರೆ ನುಣ್ಣನೆಯ ಬಣ್ಣದ ಪುಡಿ ತೇಲುವಂಥದ್ದು; ಉಳಿದ ಮೂರು ಡೈ ಬಗೆಯವು, ಅಂದರೆ ಬಣ್ಣ ಪೂರ್ತಿ ಕರಗಿರುವಂಥವು. ಕ್ಯಾನನ್ ಜಿ2010, ಜಿ3010 ಹೀಗೇ. ಗ್ಲಾಸಿ ಪೇಪರ್ ಆರಿಸಿದಾಗ ಪ್ರಿಂಟರ್ ಆ ಕಪ್ಪನ್ನು ಬಳಸುವುದಿಲ್ಲ. ಮೂರು ಬಣ್ಣ ಸೇರಿಸಿಯೇ ಕಪ್ಪು ಮಾಡಿಕೊಳ್ಳುತ್ತದೆ. ಅದಕ್ಕೇ ಅಕ್ಷರಗಳೆಲ್ಲ ಕಪ್ಪಗೆ ಚೆನ್ನಾಗಿ ಬಂದು, ಫೋಟೋದಲ್ಲಿ ಮಾತ್ರ ಅಮ್ಮನ ಕೂದಲು ಹಸಿರಾಗಿ ಬರುವುದು. ಅಕ್ಷರ ಚೆನ್ನಾಗಿದೆ, ಅಂದ ಮೇಲೆ ಇಂಕ್ ಸರಿ ಇದೆ ಅಂತ ತೀರ್ಮಾನ ಮಾಡಬೇಡಿ.

ಗೆರೆ ತುಂಡಾಗಿದ್ದರೆ

ಟ್ಯಾಂಕ್‌ನಲ್ಲಿ ಇಂಕ್ ಕೆಳಗಿನ ಗೆರೆಗಿಂತ ಮೇಲಿದೆಯಾ ಅಂತ ಮೊದಲು ನೋಡಿ. ಕಡಿಮೆ ಇದ್ದರೆ ತುಂಬಿಸಿ. ಖಾಲಿ ಟ್ಯಾಂಕ್ ಇಟ್ಟುಕೊಂಡು ಪ್ರಿಂಟ್ ಕೊಡುತ್ತಾ ಹೋದರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಕ್ಯಾನನ್ ಮತ್ತು ಎಚ್‌ಪಿ ಹೆಡ್‌ಗಳು ಇಂಕನ್ನು ಬಿಸಿ ಮಾಡಿ ಚಿಮ್ಮಿಸುತ್ತವೆ. ಹೆಡ್ ತಣ್ಣಗಿರುವುದೂ ಅದೇ ಇಂಕ್‌ನಿಂದ. ಇಂಕ್ ಇಲ್ಲದೆ ಓಡಿಸಿದರೆ ಹೆಡ್ ಸುಟ್ಟೇ ಹೋಗಬಹುದು. ಎಪ್ಸನ್ ಹೆಡ್ ಪೀಜೋ ಬಗೆಯದು, ಬಿಸಿ ಮಾಡುವುದಿಲ್ಲ, ಮಿಡಿದು ತಳ್ಳುತ್ತದೆ. ಅದು ಸುಡುವುದಿಲ್ಲ. ಆದರೆ ಆ ಹೆಡ್ ಪ್ರಿಂಟರ್‌ಗೇ ಕೂಡಿಸಿರುವುದು, ಹಾಳಾದರೆ ಬದಲಿಸುವ ಖರ್ಚು ಜಾಸ್ತಿ.

ಈಗ ಕ್ಲೀನಿಂಗ್. ಕ್ರಮ ಹೀಗಿರಲಿ:

1. ಒಂದು ಸಲ ಹೆಡ್ ಕ್ಲೀನಿಂಗ್ ಕೊಡಿ. ಮುಗಿಯುವ ತನಕ ಕಾಯಿರಿ. ನಡುವೆ ಸ್ವಿಚ್ ಆಫ್ ಮಾಡಬೇಡಿ.
2. ಮತ್ತೆ ನಾಜಲ್ ಚೆಕ್. ಹಿಂದಿನ ಹಾಳೆಯ ಪಕ್ಕ ಇಟ್ಟು ಹೋಲಿಸಿ. ಗೆರೆಗಳು ಹೆಚ್ಚಾಗಿವೆಯಾ?
3. ಸುಧಾರಿಸುತ್ತಿದ್ದರೆ ಇನ್ನೊಂದು ಸಲ. ಇದೇ ರೀತಿ ಹೆಚ್ಚೆಂದರೆ ಮೂರು ಸಲ.
4. ಮೂರಕ್ಕೂ ಬಗ್ಗದಿದ್ದರೆ ನಿಲ್ಲಿಸಿ. ಪ್ರಿಂಟರ್ ಆಫ್ ಮಾಡಿ ಬಿಟ್ಟುಬಿಡಿ. ಎಪ್ಸನ್ ಆದರೆ ಕನಿಷ್ಠ 12 ಗಂಟೆ, ಕ್ಯಾನನ್ ಆದರೆ 24 ಗಂಟೆ.

ಈ ಕಾಯುವಿಕೆ ಸುಮ್ನೆ ಅಲ್ಲ. ಒಣಗಿದ ಇಂಕ್ ಮೇಲೆ ಹೊಸ ಇಂಕ್ ಬಂದು ನಿಂತಿರುತ್ತದೆ. ಅದು ನಿಧಾನಕ್ಕೆ ಗಟ್ಟಿಯಾದದ್ದನ್ನು ನೆನೆಸಿ ಕರಗಿಸುತ್ತದೆ. ಗಾಳಿ ಗುಳ್ಳೆಗಳೂ ಮೇಲೇರುತ್ತವೆ. ಮಾರನೆಯ ದಿನ ಒಂದೇ ಕ್ಲೀನಿಂಗ್‌ಗೆ ಸರಿಹೋಗುವುದು ಇದರಿಂದಲೇ.

ಆಗಲೂ ಆಗಲಿಲ್ಲ ಅಂದರೆ ಎಪ್ಸನ್‌ನಲ್ಲಿ ಪವರ್ ಕ್ಲೀನಿಂಗ್, ಕ್ಯಾನನ್‌ನಲ್ಲಿ ಡೀಪ್ ಕ್ಲೀನಿಂಗ್, ಆಮೇಲೆ ಸಿಸ್ಟಮ್ ಕ್ಲೀನಿಂಗ್ ಇರುತ್ತವೆ. ಇವು ಸಾಮಾನ್ಯ ಕ್ಲೀನಿಂಗ್‌ಗಿಂತ ಬಹಳ ಜಾಸ್ತಿ ಇಂಕ್ ಎಳೆದು ಹಾಕುತ್ತವೆ. ಯಾವುದೇ ಒಂದು ಟ್ಯಾಂಕ್ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಪವರ್ ಕ್ಲೀನಿಂಗ್ ಮಾಡಲೇಬೇಡಿ. ಇದು ಕೊನೆಯ ಅಸ್ತ್ರ, ವಾರಕ್ಕೊಮ್ಮೆ ಬಳಸುವುದಲ್ಲ.

ಕ್ಲೀನಿಂಗ್‌ನಲ್ಲಿ ಎಳೆದ ಇಂಕ್ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಿದ್ದೀರಾ? ಪ್ರಿಂಟರ್‌ನ ತಳದಲ್ಲಿ ಒಂದು ಹೀರುವ ಪ್ಯಾಡ್ ಇದೆ, ಅದಕ್ಕೆ. ಎಷ್ಟು ಇಂಕ್ ಹೋಯಿತು ಅಂತ ಪ್ರಿಂಟರ್ ಲೆಕ್ಕ ಇಡುತ್ತದೆ. ಲೆಕ್ಕ ತುಂಬಿದಾಗ ನಿಂತುಬಿಡುತ್ತದೆ. ಆಗ ಪ್ಯಾಡ್ ಬದಲಿಸಬೇಕು. ಕೆಲವು ಮಾಡೆಲ್‌ಗಳಲ್ಲಿ ನಾವೇ ಬದಲಿಸಬಹುದಾದ ಮೇಂಟೆನೆನ್ಸ್ ಬಾಕ್ಸ್ ಇರುತ್ತದೆ, ಉಳಿದವುಗಳಿಗೆ ಸರ್ವೀಸ್ ಸೆಂಟರ್. ಲೆಕ್ಕವನ್ನು ಮಾತ್ರ ಸೊನ್ನೆ ಮಾಡುವ ರೀಸೆಟ್ ಸಾಫ್ಟ್‌ವೇರ್‌ಗಳು ಅಲ್ಲಲ್ಲಿ ಸಿಗುತ್ತವೆ. ಪ್ಯಾಡ್ ಬದಲಿಸದೆ ಅವನ್ನು ಬಳಸಿದರೆ ಇಂಕ್ ಒಂದು ದಿನ ಮೇಜಿನ ಮೇಲೆ ಸೋರುತ್ತದೆ. ಗುರುತು ಪರಿಚಯ ಇಲ್ಲದ ಕಡೆಯಿಂದ ಇಳಿಸಿಕೊಂಡ ಫೈಲ್‌ನಲ್ಲಿ ವೈರಸ್ ಬರುವ ಅಪಾಯ ಬೇರೆ.

ಟ್ಯಾಂಕ್ ಇಲ್ಲದ, ಕಾರ್ಟ್ರಿಜ್‌ನಲ್ಲೇ ಹೆಡ್ ಇರುವ ಪ್ರಿಂಟರ್ ಆದರೆ ಇನ್ನೊಂದು ದಾರಿ ಇದೆ. ಕಾರ್ಟ್ರಿಜ್ ತೆಗೆಯಿರಿ. ಟಿಶ್ಯೂ ಪೇಪರನ್ನು ಮಡಚಿ ಉಗುರುಬೆಚ್ಚಗಿನ ನೀರಲ್ಲಿ ಒದ್ದೆ ಮಾಡಿ ಹಿಂಡಿ. ಕಾರ್ಟ್ರಿಜ್‌ನ ರಂಧ್ರಗಳಿರುವ ತಳವನ್ನು ಅದರ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣದ ಪಟ್ಟಿಗಳು ಟಿಶ್ಯೂ ಮೇಲೆ ಮೂಡಿದರೆ ಇಂಕ್ ಹರಿಯುತ್ತಿದೆ ಅಂತ ಅರ್ಥ. ಒಣ ಟಿಶ್ಯೂ ಮೇಲೆ ಒತ್ತಿ ವಾಪಸ್ ಹಾಕಿ. ತಾಮ್ರದ ಬಣ್ಣದ ಚುಕ್ಕೆಗಳನ್ನು ಮಾತ್ರ ಬೆರಳಿನಿಂದ ಮುಟ್ಟಬೇಡಿ. ಎಪ್ಸನ್ ಟ್ಯಾಂಕ್ ಪ್ರಿಂಟರ್‌ನ ಹೆಡ್‌ಗೆ ಈ ಪ್ರಯೋಗ ಬೇಡ. ಸೂಜಿ, ಪಿನ್ನು ಯಾವುದಕ್ಕೂ ಬೇಡ.

ಇಂಕ್ ಒಣಗುವುದು ಯಾಕೆ

ನಮ್ಮ ಮನೆಗಳಲ್ಲಿ ಇದಕ್ಕೆ ಬಹಳ ಸಲ ಕಾರಣ ಗೋಡೆಯ ಸ್ವಿಚ್. ಪ್ರಿಂಟರ್‌ನದ್ದೇ ಪವರ್ ಬಟನ್ ಒತ್ತಿದಾಗ ಅದು ಹೆಡ್ಡನ್ನು ಬಲಗಡೆಯ ಮೂಲೆಗೆ ತಂದು ರಬ್ಬರ್ ಮುಚ್ಚಳದ ಮೇಲೆ ಕೂರಿಸುತ್ತದೆ. ಆಗ ಗಾಳಿ ಆಡುವುದಿಲ್ಲ, ಇಂಕ್ ಒಣಗುವುದಿಲ್ಲ. ಕೆಲಸ ನಡೆಯುತ್ತಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿದರೆ, ಇಲ್ಲವೇ ಕರೆಂಟ್ ಹೋದರೆ, ಹೆಡ್ ನಡುದಾರಿಯಲ್ಲಿ ತೆರೆದುಕೊಂಡೇ ನಿಲ್ಲುತ್ತದೆ. ಆದ್ದರಿಂದ ಮೊದಲು ಪ್ರಿಂಟರ್ ಬಟನ್, ಅದರ ಸದ್ದು ಪೂರ್ತಿ ನಿಂತ ಮೇಲೆ ಗೋಡೆಯ ಸ್ವಿಚ್. ಕರೆಂಟ್ ಹೋಗಿದ್ದರೆ, ಬಂದ ಕೂಡಲೇ ಒಮ್ಮೆ ಆನ್ ಮಾಡಿ, ಸರಿಯಾಗಿ ಆಫ್ ಮಾಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಪ್ರಿಂಟರ್‌ನ ಪ್ಲಗ್ ಅದರ ಲೈನಿನಲ್ಲಿದೆಯಾ ಅಂತ ನೋಡಿಕೊಳ್ಳಿ.

ವಾರಕ್ಕೊಂದು ಬಣ್ಣದ ಪ್ರಿಂಟ್ ತೆಗೆಯಿರಿ. ದೊಡ್ಡದೇನೂ ಬೇಡ, ಎಲ್ಲ ಬಣ್ಣ ಇರುವ ಸಣ್ಣ ಚಿತ್ರ ಒಂದು ಸಾದಾ ಹಾಳೆಯ ಮೇಲೆ ಬಂದರೆ ಸಾಕು. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. ಬಿಸಿಲು ಬೀಳುವ ಕಿಟಕಿಯ ಪಕ್ಕ, ಫ್ಯಾನ್ ಕೆಳಗೆ ನೇರವಾಗಿ ಪ್ರಿಂಟರ್ ಇಡಬೇಡಿ. ಧೂಳಿಗೆ ಮೇಲೊಂದು ಬಟ್ಟೆ ಹೊದಿಸಿ.

ನಾಜಲ್ ಚೆಕ್ ಸರಿ ಇದೆ, ಫೋಟೋ ಸರಿ ಇಲ್ಲ

ಹಾಗಾದರೆ ಪೇಪರ್ ಕಡೆ ತಿರುಗಿ. ಅನುಮಾನವೇ ಬೇಡ, ಮನೆಯ ಫೋಟೋ ಪ್ರಿಂಟಿಂಗ್‌ನಲ್ಲಿ ಅರ್ಧ ತೊಂದರೆ ಇಲ್ಲೇ ಇರುತ್ತದೆ.

ಯಾವ ಪೇಪರ್ ಹಾಕಿದ್ದೀರಿ ಅಂತ ಪ್ರಿಂಟರ್‌ಗೆ ತಾನಾಗಿ ತಿಳಿಯುವುದಿಲ್ಲ, ನೀವೇ ಹೇಳಬೇಕು. ಪ್ರಿಂಟ್ ಕೊಡುವ ಮುನ್ನ ಪೇಪರ್ ಟೈಪ್ ಅಥವಾ ಮೀಡಿಯಾ ಟೈಪ್ ಅಂತ ಒಂದು ಆಯ್ಕೆ ಇರುತ್ತದೆ. ಬಹಳ ಕಡೆ ಅದು ಪ್ಲೇನ್ ಪೇಪರ್ ಅಂತಲೇ ಕೂತಿರುತ್ತದೆ. ಗ್ಲಾಸಿ ಹಾಳೆ ಹಾಕಿ ಪ್ಲೇನ್ ಅಂತ ಬಿಟ್ಟರೆ ಇಂಕ್ ಎಷ್ಟು ಹಾಕಬೇಕು, ಯಾವ ಕಪ್ಪು ಬಳಸಬೇಕು ಎಲ್ಲ ತಪ್ಪಾಗುತ್ತದೆ. ಪಿಗ್ಮೆಂಟ್ ಕಪ್ಪು ಹೊಳಪಿನ ಹಾಳೆಯೊಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ. ಕೈಯಿಟ್ಟರೆ ಬೆರಳಿಗೆ ಮಸಿ. ಇಂಕ್ ಒಣಗುತ್ತಿಲ್ಲ ಅಂತ ಬರುವ ದೂರಿಗೆ ಮುಕ್ಕಾಲು ಪಾಲು ಇದೇ ಉತ್ತರ ಅಂತ ನನ್ನ ಅಭಿಪ್ರಾಯ.

ಮೊಬೈಲಿನಿಂದ ಪ್ರಿಂಟ್ ಕೊಡುವವರು ವಿಶೇಷವಾಗಿ ನೋಡಬೇಕು. ಗ್ಯಾಲರಿಯಲ್ಲಿ ಫೋಟೋ ತೆರೆದು ನೇರ ಪ್ರಿಂಟ್ ಒತ್ತಿದರೆ ಪೇಪರ್ ಬಗೆ ಕೇಳದೆಯೇ ಎ4 ಪ್ಲೇನ್ ಅಂತ ಕಳಿಸಿಬಿಡುವುದುಂಟು. ಫೋಟೋಗೆ ಕಂಪನಿಯ ಆ್ಯಪ್ ಬಳಸಿ. ಅಲ್ಲಿ ಪೇಪರ್ ಸೈಜ್, ಪೇಪರ್ ಟೈಪ್, ಕ್ವಾಲಿಟಿ ಮೂರನ್ನೂ ಆರಿಸಿ.

ಇನ್ನು ಪೇಪರ್ ಯಾವ ಕಡೆಗೆ ಹಾಕಬೇಕು? ಫೋಟೋ ಪೇಪರ್‌ಗೆ ಇಂಕ್ ಹಿಡಿಯುವ ಲೇಪನ ಸಾಮಾನ್ಯವಾಗಿ ಒಂದು ಕಡೆ ಮಾತ್ರ. ಗ್ಲಾಸಿ ಆದರೆ ಹೊಳಪು ನೋಡಿದರೆ ಗೊತ್ತಾಗುತ್ತದೆ. ಮ್ಯಾಟ್ ಆದರೆ ಕಷ್ಟ. ಬೆರಳನ್ನು ಸ್ವಲ್ಪ ತೇವ ಮಾಡಿ ಹಾಳೆಯ ಮೂಲೆಗೆ ಒತ್ತಿ. ಅಂಟಿದಂತಾಗುವ ಕಡೆ ಲೇಪನ ಇದೆ. ಹಿಂದಿನಿಂದ ಪೇಪರ್ ಹಾಕುವ ಪ್ರಿಂಟರ್‌ನಲ್ಲಿ ಆ ಮುಖ ನಿಮ್ಮ ಕಡೆಗೆ ಇರಬೇಕು. ಕೆಳಗಿನ ಟ್ರೇ ಇರುವ ಪ್ರಿಂಟರ್‌ನಲ್ಲಿ ಸಾಮಾನ್ಯವಾಗಿ ಆ ಮುಖ ಕೆಳಗೆ. ತಪ್ಪು ಮುಖಕ್ಕೆ ಪ್ರಿಂಟ್ ಆದರೆ ಇಂಕ್ ಹನಿಹನಿಯಾಗಿ ನಿಂತು ಹರಡುತ್ತದೆ. ಹಾಗಾದ ಹಾಳೆಯನ್ನು ಮತ್ತೆ ಒಳಗೆ ಹಾಕಬೇಡಿ, ರೋಲರ್ ಎಲ್ಲ ಮಸಿಯಾಗುತ್ತದೆ.

ಅಂಗಡಿಯಲ್ಲಿ ಪೇಪರ್ ಕೊಳ್ಳುವಾಗ ಬರೀ 180 ಜಿಎಸ್‌ಎಂ, 230 ಜಿಎಸ್‌ಎಂ ಅಂತ ತೂಕ ಕೇಳಿದರೆ ಸಾಲದು. ಹಾಳೆಯ ಹಿಂಭಾಗ ಮುಟ್ಟಿ ನೋಡಿ. ಹಿಂಭಾಗ ಸಾದಾ ಕಾಗದದಂತೆ ಒರಟಾಗಿದ್ದರೆ ಅದು ಕಾಸ್ಟ್ ಕೋಟೆಡ್, ಅಗ್ಗದ್ದು. ಪ್ಲಾಸ್ಟಿಕ್‌ನಂತೆ ನುಣುಪಾಗಿದ್ದರೆ ಆರ್‌ಸಿ, ಅಂದರೆ ರೆಸಿನ್ ಕೋಟೆಡ್. ಸ್ಟುಡಿಯೋ ಫೋಟೋದ ಹಾಗೆ ಇರುವುದು ಇದೇ. ಪ್ರಾಜೆಕ್ಟ್‌ಗೆ ಕಾಸ್ಟ್ ಕೋಟೆಡ್ ಸಾಕು. ಆಲ್ಬಮ್‌ಗೆ, ಫ್ರೇಮ್‌ಗೆ ಆರ್‌ಸಿ ತೆಗೆದುಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರೋಡ್‌ನಂಥ ಕಡೆ ಹೆಸರಿಲ್ಲದ ಪ್ಯಾಕ್ ಕಡಿಮೆ ಬೆಲೆಗೆ ಸಿಗುತ್ತದೆ. ಒಂದು ಚಿಕ್ಕ ಪ್ಯಾಕ್ ತಂದು ನೋಡಿ, ಹಿಡಿಸಿದರೆ ಮಾತ್ರ ದೊಡ್ಡದು ತನ್ನಿ. ಲೇಸರ್ ಪ್ರಿಂಟರ್‌ಗೆ ಅಂತ ಬರೆದಿರುವ ಗ್ಲಾಸಿ ಪೇಪರ್ ಇಂಕ್‌ಜೆಟ್‌ಗೆ, ಅಂದರೆ ಇಂಕ್ ಚಿಮ್ಮಿಸುವ ನಮ್ಮ ಪ್ರಿಂಟರ್‌ಗೆ, ಆಗುವುದಿಲ್ಲ. ಇಂಕ್‌ಜೆಟ್ ಪೇಪರನ್ನು ಲೇಸರ್‌ಗೂ ಹಾಕಬಾರದು, ಲೇಪನ ಬಿಸಿಗೆ ಕರಗಿ ಅಂಟಿಕೊಳ್ಳಬಹುದು.

ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪೇಪರ್ ಇನ್ನೊಂದು ಕಾಟ ಕೊಡುತ್ತದೆ. ಹಾಳೆ ತೇವ ಹೀರಿ ಸುರುಳಿಯಾಗುತ್ತದೆ. ಇಂಕ್ ಹರಡಿ ಅಂಚುಗಳು ಮಸುಕಾಗುತ್ತವೆ. ಸುರುಳಿಯಾದ ಮೂಲೆಗೆ ಹೆಡ್ ತಾಗಿ ಅಂಚಿನಲ್ಲಿ ಮಸಿಯ ಉಜ್ಜು ಬೀಳುತ್ತದೆ. ಬೇಕಾದಷ್ಟೇ ಹಾಳೆ ಹೊರಗೆ ತೆಗೆಯಿರಿ, ಉಳಿದದ್ದನ್ನು ಜಿಪ್ ಕವರ್‌ನಲ್ಲಿ ಹಾಕಿ ಮಟ್ಟಸವಾಗಿ ಮಲಗಿಸಿಡಿ. ಟ್ರೇಯಲ್ಲೇ ರಾತ್ರಿಯಿಡೀ ಬಿಡಬೇಡಿ. ಸುರುಳಿಯಾಗಿದ್ದರೆ ಎದುರು ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ ನೇರ ಮಾಡಿ, ಆಮೇಲೆ ಹಾಕಿ.

ಬಣ್ಣ ಪರದೆಯಲ್ಲಿ ಒಂದು, ಹಾಳೆಯಲ್ಲಿ ಇನ್ನೊಂದು

ಪೇಪರ್ ಟೈಪ್ ಸರಿ ಇದ್ದೂ ಫೋಟೋ ಕತ್ತಲೆಯಾಗಿ ಬಂದರೆ, ತಪ್ಪು ಬಹುಶಃ ಪರದೆಯದು. ಮೊಬೈಲ್ ಬೆಳಕು ಪೂರ್ತಿ ಏರಿಸಿಕೊಂಡು ಫೋಟೋ ನೋಡಿರುತ್ತೇವೆ. ಹಾಳೆಗೆ ತನ್ನದೇ ಬೆಳಕಿಲ್ಲ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ನೈಟ್ ಮೋಡ್ ತೆಗೆದು, ಫೋಟೋ ಮತ್ತೆ ನೋಡಿ. ಆಗ ಕಾಣುವುದು ಹಾಳೆಗೆ ಹತ್ತಿರ. ಅದು ಕತ್ತಲೆ ಅನಿಸಿದರೆ ಎಡಿಟ್‌ನಲ್ಲಿ ನೆರಳಿನ ಭಾಗವನ್ನು ಸ್ವಲ್ಪ ಎತ್ತಿ ಪ್ರಿಂಟ್ ಕೊಡಿ.

ಫೋಟೋವನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಹತ್ತಿರ ನೋಡಿ. ಹಳದಿ ಬಲ್ಬ್ ಕೆಳಗೆ ಎಲ್ಲ ಫೋಟೋನೂ ಹಳದಿಯೇ. ಡೈ ಇಂಕ್‌ನ ಬಣ್ಣ ಪ್ರಿಂಟ್ ಆದ ಕೂಡಲೇ ಪೂರ್ತಿ ನೆಲೆಯಾಗಿರುವುದಿಲ್ಲ. ಒಂದು ದಿನ ಬಿಟ್ಟು ನೋಡಿ ತೀರ್ಮಾನ ಮಾಡಿ.

ಚರ್ಮದ ಬಣ್ಣ ಕೆಂಪು ಹೊಡೆಯುತ್ತಿದ್ದರೆ ಎರಡು ಕಡೆಯಿಂದ ಬಣ್ಣ ತಿದ್ದುತ್ತಿರಬಹುದು. ಫೋಟೋಶಾಪ್‌ನಂಥ ಸಾಫ್ಟ್‌ವೇರ್ ಒಮ್ಮೆ ತಿದ್ದುತ್ತದೆ, ಪ್ರಿಂಟರ್ ಡ್ರೈವರ್, ಅಂದರೆ ಪ್ರಿಂಟರ್‌ನದ್ದೇ ಸಾಫ್ಟ್‌ವೇರ್, ಮತ್ತೊಮ್ಮೆ ತಿದ್ದುತ್ತದೆ. ಒಂದನ್ನು ನಿಲ್ಲಿಸಿ. ಬಣ್ಣದ ಪ್ರೊಫೈಲ್ ಬಗ್ಗೆ ತಲೆಕೆಡಿಸಿಕೊಳ್ಳಲು ಇಷ್ಟವಿಲ್ಲದವರು ಬಣ್ಣ ನೋಡಿಕೊಳ್ಳುವ ಕೆಲಸವನ್ನು ಪ್ರಿಂಟರ್‌ಗೆ ಬಿಡುವುದೇ ಒಳ್ಳೆಯದು. ಫೋಟೋ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾದರಿಯಲ್ಲಿ ಉಳಿಸಿರಲಿ. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಮಾದರಿ ಆರಿಸಿದ್ದರೆ ಕೆಲವು ಆ್ಯಪ್‌ಗಳು ಅದನ್ನು ಗುರುತಿಸದೆ ಮಂಕು ಬಣ್ಣ ಕೊಡುತ್ತವೆ.

ಬೇರೆ ಕಂಪನಿಯ ಇಂಕ್ ಹಾಕಿದ್ದೀರಾ? ಅದರಿಂದಲೂ ಬಣ್ಣ ಬದಲಾಗುತ್ತದೆ. ಪ್ರಿಂಟರ್‌ನ ಲೆಕ್ಕಾಚಾರ ಎಲ್ಲ ಅದರದೇ ಇಂಕ್‌ಗೆ ಮಾಡಿರುವುದು. ಇಂಕ್ ಬಾಟಲಿಯ ನಂಬರ್ ನೋಡಿಯೇ ತನ್ನಿ. ಎಪ್ಸನ್ ಎಲ್3110, ಎಲ್3150ಗೆ 003, ಆರು ಬಣ್ಣದ ಎಲ್8050ಗೆ 057, ಹೀಗೆ ಮಾಡೆಲ್‌ಗೆ ತಕ್ಕ ನಂಬರ್ ಇರುತ್ತದೆ. ಫೋಟೋ ಬಹಳ ದಿನ ಬಾಳಬೇಕು ಅಂದರೆ ಇಂಕ್‌ನಲ್ಲಿ ಉಳಿತಾಯ ಮಾಡಬೇಡಿ.

ಗೆರೆ, ಚುಕ್ಕೆ, ಉಜ್ಜು

ನಾಜಲ್ ಚೆಕ್ ಪೂರ್ತಿ ಇದ್ದೂ ಅಡ್ಡ ಗೆರೆಗಳು ಬಂದರೆ ಕ್ವಾಲಿಟಿಯನ್ನು ಹೈ ಮಾಡಿ. ಹೈ ಸ್ಪೀಡ್ ಅಥವಾ ಬೈಡೈರೆಕ್ಷನಲ್ ಅಂತ ಟಿಕ್ ಇದ್ದರೆ ತೆಗೆಯಿರಿ. ಆಗ ಹೆಡ್ ಒಂದೇ ದಿಕ್ಕಿಗೆ ಹೋಗುವಾಗ ಪ್ರಿಂಟ್ ಮಾಡುತ್ತದೆ. ನಿಧಾನ, ಆದರೆ ನೀಟ್. ನೇರ ಗೆರೆಗಳು ಎರಡೆರಡಾಗಿ, ಮುಖದ ಅಂಚು ನೆರಳು ಬಿದ್ದಂತೆ ಕಂಡರೆ ಮೇಂಟೆನೆನ್ಸ್‌ನಲ್ಲಿ ಹೆಡ್ ಅಲೈನ್‌ಮೆಂಟ್ ಮಾಡಿ.

ಫೋಟೋದ ಉದ್ದಕ್ಕೂ ಸಮ ದೂರದಲ್ಲಿ ಸಣ್ಣ ಚುಕ್ಕೆಗಳ ಸಾಲು ಬಂದರೆ ಅದು ಹಾಳೆ ಹೊರಗೆ ತಳ್ಳುವ ಹಲ್ಲಿನ ಚಕ್ರಗಳ ಗುರುತು. ಪೇಪರ್ ಟೈಪ್ ಸರಿಪಡಿಸಿ. ಹಾಳೆ ತೀರಾ ದಪ್ಪ ಇದ್ದರೆ ಪ್ರಿಂಟರ್‌ನ ಮಿತಿ ಎಷ್ಟು ಅಂತ ಕೈಪಿಡಿಯಲ್ಲಿ ನೋಡಿ. ಹಾಳೆಯ ಹಿಂಭಾಗದಲ್ಲಿ ಮಸಿ ಬಂದರೆ ಒಳಗಿನ ತಳ ಕೊಳೆಯಾಗಿದೆ. ಬಾರ್ಡರ್ ಇಲ್ಲದ ಫೋಟೋ ತೆಗೆದಾಗ ಅಂಚಿನ ಆಚೆ ಬಿದ್ದ ಇಂಕ್ ಅಲ್ಲೇ ನಿಲ್ಲುತ್ತದೆ. ಬಾಟಮ್ ಪ್ಲೇಟ್ ಕ್ಲೀನಿಂಗ್ ಇದ್ದರೆ ಅದನ್ನು ಮಾಡಿ. ಇಲ್ಲವಾದರೆ ಸಾದಾ ಹಾಳೆಗಳನ್ನು ಏನೂ ಪ್ರಿಂಟ್ ಮಾಡದೆ ಒಂದರ ಹಿಂದೆ ಒಂದು ಹಾಯಿಸಿ, ಮಸಿ ಬರುವುದು ನಿಲ್ಲುವ ತನಕ.

ಹೆಡ್ ಜೋರಾಗಿ ಪಕ್ಕಕ್ಕೆ ಬಡಿದು ನಿಂತರೆ ಒಳಗಡೆ ಉದ್ದಕ್ಕೆ ಕಟ್ಟಿರುವ ಪಾರದರ್ಶಕ ತೆಳು ಪಟ್ಟಿಯನ್ನು ನೋಡಿ. ಹೆಡ್ ತಾನು ಎಲ್ಲಿದ್ದೇನೆ ಅಂತ ತಿಳಿಯುವುದು ಅದರಿಂದಲೇ. ಅದರ ಮೇಲೆ ಇಂಕ್ ಅಥವಾ ಗ್ರೀಸ್ ಬಿದ್ದಿದ್ದರೆ ಪ್ರಿಂಟರ್‌ಗೆ ದಾರಿ ತಪ್ಪುತ್ತದೆ. ಪ್ಲಗ್ ತೆಗೆದು, ನಯವಾದ ಬಟ್ಟೆಯನ್ನು ತುಸುವೇ ಒದ್ದೆ ಮಾಡಿ, ಎಳೆಯದೆ ಮೆಲ್ಲಗೆ ಒರೆಸಿ. ಸ್ಪ್ರಿಂಗಿನಿಂದ ಬಿಚ್ಚಿಕೊಂಡರೆ ಕೂರಿಸುವುದು ತಲೆನೋವು.

ಹಾಳೆ ಎಳೆದುಕೊಳ್ಳುತ್ತಿಲ್ಲ, ಸಿಕ್ಕಿಹಾಕಿಕೊಂಡಿದೆ

ಫೋಟೋ ಪೇಪರ್ ಭಾರ, ಹೊಳಪು ಜಾಸ್ತಿ, ಒಂದಕ್ಕೊಂದು ಅಂಟುತ್ತದೆ. ಹಾಕುವ ಮುನ್ನ ಅಂಚು ಹಿಡಿದು ಬಿಡಿಸಿ. ದೊಡ್ಡ ಕಟ್ಟು ಬೇಡ, ನಾಲ್ಕೈದು ಹಾಳೆ ಸಾಕು. ಕೊನೆಯ ಹಾಳೆ ಜಾರುತ್ತಿದ್ದರೆ ಅದರ ಹಿಂದೆ ಅದೇ ಸೈಜಿನ ಸಾದಾ ಹಾಳೆ ಒಂದನ್ನು ಇಡಿ. ಪಕ್ಕದ ಗೈಡ್ ಹಾಳೆಗೆ ತಾಗಿರಲಿ, ಬಿಗಿಯಬಾರದು. ಆದರೂ ಎಳೆಯದಿದ್ದರೆ ರಬ್ಬರ್ ರೋಲರ್ ಮೇಲೆ ಧೂಳು ಕೂತಿದೆ. ಬಟ್ಟೆಯನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ರೋಲರ್ ತಿರುಗಿಸುತ್ತಾ ಒರೆಸಿ, ಒಣಗಲು ಬಿಡಿ. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ, ರಬ್ಬರ್ ಹಾಳಾಗುತ್ತದೆ.

ಸಿಕ್ಕಿಕೊಂಡ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದು ಹೋಗುತ್ತಿದ್ದ ದಿಕ್ಕಿಗೇ ನಿಧಾನವಾಗಿ ಎಳೆಯಿರಿ. ಹರಿದರೆ ತುಂಡುಗಳನ್ನು ಜೋಡಿಸಿ ನೋಡಿ, ಒಂದು ಮೂಲೆ ಇಲ್ಲ ಅಂದರೆ ಅದು ಒಳಗಿದೆ. ಹಾಳೆಯೇ ಇಲ್ಲದೆ ಪೇಪರ್ ಜಾಮ್ ಅಂತ ಬರುತ್ತಿದ್ದರೆ ಟಾರ್ಚ್ ಹಾಕಿ ಹಿಂದಿನ ಬಾಯಿಯೊಳಗೆ ನೋಡಿ. ಪೆನ್ ಕ್ಯಾಪ್, ನಾಣ್ಯ, ಹೇರ್ ಕ್ಲಿಪ್, ರಬ್ಬರ್ ಚೂರು ಬಿದ್ದಿರುತ್ತವೆ. ಮಕ್ಕಳಿರುವ ಮನೆಯಲ್ಲಿ ಬಳಸದಾಗ ಆ ಬಾಯಿ ಮುಚ್ಚಿಡಿ.

ತಲೆ ಕತ್ತರಿಸಿತು, ಅಳತೆ ತಪ್ಪಿತು

ಮೊಬೈಲ್ ಫೋಟೋಗಳ ಅಳತೆ ಸಾಮಾನ್ಯವಾಗಿ 4:3. 4×6 ಇಂಚಿನ ಹಾಳೆಯ ಅಳತೆ 3:2. ಹಾಳೆ ತುಂಬಬೇಕು ಅಂದರೆ ಫೋಟೋದ ಒಂಬತ್ತನೇ ಒಂದು ಭಾಗ ಕತ್ತರಿಸಲೇಬೇಕು. ಬಾರ್ಡರ್‌ಲೆಸ್ ಕೊಟ್ಟರೆ ಪ್ರಿಂಟರ್ ಇನ್ನೂ ಸ್ವಲ್ಪ ಹಿಗ್ಗಿಸುತ್ತದೆ. ಗುಂಪು ಫೋಟೋದಲ್ಲಿ ತುದಿಯಲ್ಲಿ ನಿಂತ ಚಿಕ್ಕಪ್ಪನ ತೋಳು ಹೋಗುವುದು ಹೀಗೆ. ನೀವೇ ಮೊದಲು 3:2ಗೆ ಕ್ರಾಪ್ ಮಾಡಿ, ಸುತ್ತ ಸ್ವಲ್ಪ ಜಾಗ ಬಿಡಿ.

ಫೋಟೋ ಮಸುಕಾಗಿದ್ದರೆ ಫೈಲ್ ಎಷ್ಟು ದೊಡ್ಡದು ನೋಡಿ. ಇಂಚಿಗೆ 300 ಚುಕ್ಕೆಯಂತೆ 4×6ಗೆ 1200×1800 ಪಿಕ್ಸೆಲ್ ಬೇಕು. ಎ4ಗೆ 2480×3508. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದ್ದು ಕುಗ್ಗಿರುತ್ತದೆ. 4×6ಗೆ ಹೇಗೋ ನಡೆಯುತ್ತದೆ, ಎ4ಗೆ ಆಗುವುದಿಲ್ಲ. ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಪಾಸ್‌ಪೋರ್ಟ್ ಸೈಜ್ ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ 35×45 ಮಿ.ಮೀ. 4×6 ಹಾಳೆಯಲ್ಲಿ ಎಂಟು ಹಿಡಿಯುತ್ತವೆ. ಅಮೆರಿಕದ ವೀಸಾಗೆ 51×51 ಮಿ.ಮೀ. ಪ್ರಿಂಟ್ ಕೊಡುವಾಗ ಫಿಟ್ ಟು ಪೇಜ್ ಆರಿಸಬೇಡಿ, ಆ್ಯಕ್ಚುವಲ್ ಸೈಜ್ ಅಥವಾ 100% ಆರಿಸಿ, ಬಾರ್ಡರ್‌ಲೆಸ್ ತೆಗೆಯಿರಿ. ಮೊದಲು ಸಾದಾ ಹಾಳೆಯಲ್ಲಿ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ. ಸರಿ ಇದ್ದರೆ ಮಾತ್ರ ಫೋಟೋ ಪೇಪರ್ ಹಾಕಿ.

ಪ್ರಿಂಟರ್ ಕಾಣಿಸುತ್ತಿಲ್ಲ, ಆಫ್‌ಲೈನ್

ಹೊಸ ವೈಫೈ ರೂಟರ್ ಬಂದ ಮೇಲೆ ಈ ತೊಂದರೆ ಶುರುವಾದರೆ ಕಾರಣ ಸುಲಭ. ಬಹಳಷ್ಟು ಮನೆ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಗೊತ್ತು. ರೂಟರ್‌ನಲ್ಲಿ 2.4ಗೆ ಬೇರೆ ಹೆಸರು ಕೊಟ್ಟು ಪ್ರಿಂಟರನ್ನು ಅದಕ್ಕೆ ಸೇರಿಸಿ. ಹೆಸರು ಅಥವಾ ಪಾಸ್‌ವರ್ಡ್ ಬದಲಾಗಿದ್ದರೆ ಪ್ರಿಂಟರ್‌ಗೆ ಹೊಸದಾಗಿ ಹೇಳಬೇಕು. ಅರ್ಜೆಂಟ್ ಇದ್ದರೆ ಯುಎಸ್‌ಬಿ ಕೇಬಲ್ ಹಾಕಿ, ಇಲ್ಲವೇ ರೂಟರ್ ಇಲ್ಲದೆ ನೇರವಾಗಿ ಸೇರಿಸುವ ವೈಫೈ ಡೈರೆಕ್ಟ್ ಬಳಸಿ.

ವಿಂಡೋಸ್‌ನಲ್ಲಿ ಪ್ರಿಂಟ್ ಸಾಲಿನಲ್ಲೇ ಸಿಕ್ಕಿಕೊಂಡಿದ್ದರೆ ಸಾಲಿನಲ್ಲಿರುವುದನ್ನೆಲ್ಲ ಕ್ಯಾನ್ಸಲ್ ಮಾಡಿ. ಹೋಗದಿದ್ದರೆ ಸರ್ವೀಸಸ್ ತೆರೆದು ಪ್ರಿಂಟ್ ಸ್ಪೂಲರ್ ಮೇಲೆ ರೈಟ್ ಕ್ಲಿಕ್ ಮಾಡಿ ರೀಸ್ಟಾರ್ಟ್ ಕೊಡಿ.

ಸೆಲ್ಫಿಯಂಥ ಪುಟ್ಟ ಪ್ರಿಂಟರ್

ಕ್ಯಾನನ್ ಸೆಲ್ಫಿ ಸಿಪಿ1300, ಸಿಪಿ1500ರಲ್ಲಿ ದ್ರವ ಇಂಕ್ ಇಲ್ಲ. ರಿಬ್ಬನ್ ಇದೆ. ಹಾಳೆ ನಾಲ್ಕು ಸಲ ಒಳಗೆ ಹೊರಗೆ ಹೋಗುತ್ತದೆ: ಹಳದಿ, ಮಜೆಂಟಾ, ಸಯಾನ್, ಕೊನೆಗೆ ಒಂದು ಪಾರದರ್ಶಕ ಹೊದಿಕೆ. ತಿಂಗಳುಗಟ್ಟಲೆ ಬಿಟ್ಟರೂ ಒಣಗುವ ಮಾತಿಲ್ಲ. ಅಪರೂಪಕ್ಕೆ ಫೋಟೋ ತೆಗೆಯುವ ಮನೆಗೆ ಇದೇ ಸರಿ ಅಂತ ನಾನು ಹೇಳುತ್ತೇನೆ.

ಇದರ ಶತ್ರು ಧೂಳು. ಫೋಟೋದಲ್ಲಿ ಬಿಳಿ ಚುಕ್ಕೆ ಅಥವಾ ಬಣ್ಣದ ಚುಕ್ಕೆ ಬಂದರೆ ಹಾಳೆಯ ಮೇಲೋ ರಿಬ್ಬನ್ ಮೇಲೋ ಧೂಳಿದೆ. ಹಾಳೆಯ ಹೊಳಪಿನ ಮುಖವನ್ನು ಮುಟ್ಟಬೇಡಿ, ಬೆರಳಚ್ಚು ಹಾಗೇ ಮೂಡುತ್ತದೆ. ರಿಬ್ಬನ್ ಸಡಿಲ ಇದ್ದರೆ ಚಕ್ರ ತಿರುಗಿಸಿ ಬಿಗಿ ಮಾಡಿ. ಪ್ರಿಂಟರ್ ಹಿಂದೆ ಗೋಡೆಯಿಂದ ಜಾಗ ಬಿಡಿ, ಹಾಳೆ ಹಿಂದಕ್ಕೂ ಚಾಚುತ್ತದೆ. ನಡುವೆ ಹಾಳೆ ಎಳೆಯಬೇಡಿ.

ಫ್ರೇಮ್ ಹಾಕುವ ಮುನ್ನ

ಇಂಕ್‌ಜೆಟ್ ಫೋಟೋವನ್ನು ಒಂದು ದಿನ ಮುಚ್ಚದೆ, ಧೂಳು ಬೀಳದ ಕಡೆ ಒಣಗಿಸಿ. ಕೂಡಲೇ ಫ್ರೇಮ್ ಹಾಕಿದರೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಫೋಟೋ ಗಾಜಿಗೆ ತಾಗದಂತೆ ನಡುವೆ ಮೌಂಟ್ ಹಾಳೆ, ಅಂದರೆ ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟು, ಹಾಕಿಸಿ. ತೇವದ ಊರುಗಳಲ್ಲಿ ತಾಗಿದ ಫೋಟೋ ಗಾಜಿಗೇ ಅಂಟಿಬಿಡುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ಬಿಸಿಲು ಬೀಳುವ ಗೋಡೆ ಬೇಡ. ಗಾಜಿಲ್ಲದೆ ಗಾಳಿಗೆ ತೆರೆದಿಟ್ಟ ಡೈ ಇಂಕ್ ಫೋಟೋ ಬೇಗ ಮಾಸುತ್ತದೆ.

ಸರ್ವೀಸ್‌ಗೆ ಕೊಡುವಾಗ

ಪವರ್ ಕ್ಲೀನಿಂಗ್ ಆದ ಮೇಲೂ ಒಂದು ಬಣ್ಣ ಪೂರ್ತಿ ಇಲ್ಲದಿದ್ದರೆ, ಪ್ಯಾಡ್ ತುಂಬಿದ್ದರೆ, ಒಳಗಿಂದ ಕಟಕಟ ಸದ್ದು ಬಂದರೆ ಸರ್ವೀಸ್ ಸೆಂಟರ್‌ಗೆ ಕೊಡಿ. ಜೊತೆಗೆ ನಾಜಲ್ ಚೆಕ್ ಹಾಳೆ ಒಯ್ಯಿರಿ, ಅದರ ಮೇಲೆ ತಾರೀಖು ಬರೆದಿರಿ. ಎಷ್ಟು ಸಲ ಕ್ಲೀನಿಂಗ್ ಮಾಡಿದಿರಿ, ಯಾವ ಇಂಕ್ ಹಾಕಿದ್ದೀರಿ ಅಂತ ಮರೆಮಾಚದೆ ಹೇಳಿ. ರಿಪೇರಿಯ ಅಂದಾಜು ಮೊದಲೇ ಬರೆಸಿಕೊಳ್ಳಿ. ಹೆಡ್ ಬದಲಿಸುವ ಖರ್ಚು ಹೊಸ ಪ್ರಿಂಟರ್‌ನ ಬೆಲೆಗೆ ಹತ್ತಿರ ಬಂದರೆ ನಾನಾದರೆ ರಿಪೇರಿ ಮಾಡಿಸುವುದಿಲ್ಲ.

ಒಯ್ಯುವ ರೀತಿಯೂ ಮುಖ್ಯ. ಟ್ಯಾಂಕ್ ಮುಚ್ಚಳಗಳನ್ನು ಬಿಗಿಯಾಗಿ ಹಾಕಿ. ಕೆಲವು ಮಾಡೆಲ್‌ಗಳಲ್ಲಿ ಪಕ್ಕದಲ್ಲಿ ಟ್ರಾನ್ಸ್‌ಪೋರ್ಟ್ ಲಾಕ್ ಇರುತ್ತದೆ, ಅದನ್ನು ಲಾಕ್ ಕಡೆಗೆ ತಿರುಗಿಸಿ. ವಾಪಸ್ ತಂದ ಮೇಲೆ ಅದನ್ನು ಬಿಡಿಸಲು ಮರೆತರೆ ಟ್ಯಾಂಕ್ ತುಂಬಿದ್ದೂ ಒಂದು ಬಣ್ಣವೂ ಬರುವುದಿಲ್ಲ. ಸ್ಕೂಟರ್ ಮುಂದೆ ಓರೆಯಾಗಿಟ್ಟು ಒಯ್ಯಬೇಡಿ, ಇಂಕ್ ಸೋರುತ್ತದೆ. ಆಟೋದಲ್ಲಿ ಸೀಟಿನ ಮೇಲೆ ಮಟ್ಟಸವಾಗಿ ಇಟ್ಟು, ಕೆಳಗೆ ಹಳೇ ಟವೆಲ್ ಹಾಸಿ, ಕೈಯಲ್ಲಿ ಹಿಡಿದುಕೊಂಡು ಕೂರಿ.